ಹಿಮ್ಮೇಳದವರ ಉಸಿರು

ಶ್ರಾವಣ ಬಂತೆಂದರೆ ಗದಗ ಸೀಮೆಯ ಹಳ್ಳಿಗಳಲ್ಲಿ ರಾತ್ರಿಯ ಊಟ ತುಸು ಬೇಗ ಮುಗಿಯುತ್ತದೆ. ಗುಡಿಯ ಕಟ್ಟೆಯ ಮೇಲೆ ಜಮಖಾನೆ ಹಾಸಿ, ನಡುವೆ ಪೇಟಿ ಇಟ್ಟು, ಡಗ್ಗಾ-ತಬಲಾ ಸರಿಮಾಡಿಕೊಂಡು ಭಜನೆಯವರು ಕೂರುತ್ತಾರೆ. ಹಗಲೆಲ್ಲ ಎಡೆ ಹೊಡೆದು ಬಂದವರು, ಕಿರಾಣಿ ಅಂಗಡಿಯವರು, ಗದಗಿನ ಎಪಿಎಂಸಿಯಲ್ಲಿ ಹಮಾಲಿ ಮಾಡಿ ಬಂದವರು ಒಂದೇ ಜಮಖಾನೆಯ ಮೇಲೆ. ಮುಂದೆ ಕೂತವನು ಒಂದು ಸಾಲು ಹಾಡುತ್ತಾನೆ, ಉಳಿದವರು ಅದನ್ನೇ ಎತ್ತಿ ಹಾಡುತ್ತಾರೆ. ಶಿಶುನಾಳ ಶರೀಫರ ಪದ ಆಯಿತು, ನಿಜಗುಣರದು ಆಯಿತು, ವಚನ ಆಯಿತು. ಇಷ್ಟು ಹೊತ್ತು ಕೂತು ಏನು ಸಿಕ್ಕಿತು ಎಂದು ಕೇಳಿದರೆ ‘ಮನಸ ಹಗರ ಆತ್ರಿ’ ಎಂಬ ಉತ್ತರ ಬರುತ್ತದೆ. ಆ ಹಗುರ ಎಲ್ಲಿಂದ ಬಂತು ಎಂಬುದಕ್ಕೆ ಭಕ್ತರಲ್ಲಿ ಒಂದು ಉತ್ತರವಿದೆ. ಶರೀರಶಾಸ್ತ್ರದಲ್ಲಿ ಇನ್ನೊಂದಿದೆ. ಎರಡಕ್ಕೂ ಜಗಳವಿಲ್ಲ, ಆದರೆ ಈ ಅಧ್ಯಾಯ ಎರಡನೆಯದರ ಬಗ್ಗೆ.

ಉಸಿರಿನಿಂದಲೇ ಶುರು ಮಾಡೋಣ. ಸುಮ್ಮನೆ ಕೂತ ವಯಸ್ಕರೊಬ್ಬರು ನಿಮಿಷಕ್ಕೆ ಹನ್ನೆರಡರಿಂದ ಹದಿನೆಂಟು ಸಲ ಉಸಿರಾಡುತ್ತಾರೆ. ಒಳಗೆಳೆದುಕೊಳ್ಳುವ ಹೊತ್ತಿಗೂ ಹೊರಬಿಡುವ ಹೊತ್ತಿಗೂ ಬಹಳ ಅಂತರವಿರುವುದಿಲ್ಲ. ಹಾಡಲು ಬಾಯಿ ತೆರೆದ ಕ್ಷಣ ಈ ಲೆಕ್ಕ ಬದಲಾಗುತ್ತದೆ. ಸಾಲಿನ ಮೊದಲಿಗೆ ಗಬಕ್ಕನೆ ಒಂದು ಉಸಿರು ಒಳಗೆ, ಆಮೇಲೆ ಸಾಲು ಮುಗಿಯುವವರೆಗೆ ನಿಧಾನವಾಗಿ ಹೊರಗೆ. ನಿಧಾನದ ಪದವಾದರೆ ಒಂದು ಸಾಲು ಎಂಟು-ಹತ್ತು ಸೆಕೆಂಡು ಹಿಡಿಯುತ್ತದೆ. ಅಷ್ಟು ಹೊತ್ತು ಉಸಿರು ಹೊರಗೇ ಹೋಗುತ್ತಿರಬೇಕು. ಇದನ್ನು ಯಾರೂ ಪ್ರಾಣಾಯಾಮ ಎಂದು ಮಾಡುವುದಿಲ್ಲ. ಪದ ಸರಿಯಾಗಿ ಬರಬೇಕೆಂದರೆ ಬೇರೆ ದಾರಿಯೇ ಇಲ್ಲ.

ನಾವು ಉಸಿರೆಳೆದುಕೊಂಡಾಗ ಹೃದಯದ ಬಡಿತ ಕೊಂಚ ವೇಗವಾಗುತ್ತದೆ, ಬಿಟ್ಟಾಗ ಕೊಂಚ ನಿಧಾನವಾಗುತ್ತದೆ. ನಾಡಿಯ ಮೇಲೆ ಬೆರಳಿಟ್ಟು ಉದ್ದವಾಗಿ ಉಸಿರು ಬಿಟ್ಟು ನೋಡಿದರೆ ಹಲವರಿಗೆ ಇದು ಗೊತ್ತಾಗುತ್ತದೆ. ಈ ನಿಧಾನಕ್ಕೆ ಕಾರಣ ಮಿದುಳಿನ ಬುಡದಿಂದ ಹೊರಟು ಕುತ್ತಿಗೆಯಲ್ಲಿಳಿದು ಹೃದಯ, ಪುಪ್ಪುಸ, ಹೊಟ್ಟೆಯವರೆಗೆ ಹರಡಿಕೊಂಡ ವೇಗಸ್ ನರ. ಉಸಿರು ಹೊರಹೋಗುವಾಗ ಹೃದಯದ ಮೇಲೆ ಅದರ ಹಿಡಿತ ಬಿಗಿಯಾಗುತ್ತದೆ. ಹೊರಬಿಡುವ ಹೊತ್ತನ್ನು ಉದ್ದ ಮಾಡಿದಷ್ಟೂ ಶರೀರ ವಿಶ್ರಾಂತಿಯ ಕಡೆಗೆ ವಾಲುತ್ತದೆ.

2001ರಲ್ಲಿ ಇಟಲಿಯ ಲುಚಾನೊ ಬರ್ನಾರ್ಡಿ ಮತ್ತು ಸಂಗಡಿಗರು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಒಂದು ಚಿಕ್ಕ, ಚೊಕ್ಕ ಪ್ರಯೋಗವನ್ನು ಪ್ರಕಟಿಸಿದರು. 23 ಆರೋಗ್ಯವಂತರಿಗೆ ಒಮ್ಮೆ ಲ್ಯಾಟಿನ್ ಜಪಮಾಲೆಯ ಪ್ರಾರ್ಥನೆ ಹೇಳಿಸಿದರು, ಇನ್ನೊಮ್ಮೆ ಟಿಬೆಟ್ಟಿನ ಬೌದ್ಧರ ಮಂತ್ರ ಹೇಳಿಸಿದರು. ಧರ್ಮ ಬೇರೆ, ಭಾಷೆ ಬೇರೆ. ಆದರೆ ಎರಡೂ ಸಲ ಉಸಿರಾಟ ನಿಮಿಷಕ್ಕೆ ಸುಮಾರು ಆರಕ್ಕೆ ಬಂದು ನಿಂತಿತು. ಈ ಆರಕ್ಕೆ ಮಹತ್ವವಿದೆ. ನಮ್ಮ ರಕ್ತದೊತ್ತಡ ಸುಮ್ಮನಿದ್ದಾಗಲೂ ಸುಮಾರು ಹತ್ತು ಸೆಕೆಂಡಿಗೊಮ್ಮೆ ಸಣ್ಣದಾಗಿ ಏರಿಳಿಯುತ್ತಿರುತ್ತದೆ. ಉಸಿರೂ ಹತ್ತು ಸೆಕೆಂಡಿಗೊಂದಾದಾಗ ಎರಡು ಅಲೆಗಳೂ ಕೂಡಿಕೊಳ್ಳುತ್ತವೆ. ಒತ್ತಡ ಏರಿದ್ದನ್ನು ಗುರುತಿಸಿ ಹೃದಯಕ್ಕೆ ‘ನಿಧಾನ’ ಎಂದು ಹೇಳುವ ವ್ಯವಸ್ಥೆಯೊಂದು ಕುತ್ತಿಗೆಯ ರಕ್ತನಾಳದಲ್ಲಿದೆ. ಅದು ಆಗ ಹೆಚ್ಚು ಚುರುಕಾಗುತ್ತದೆ. ಪ್ರಯೋಗದಲ್ಲಿ ಅಳೆದದ್ದು ಈ ಚುರುಕನ್ನೇ.

ನಮ್ಮ ಭಜನೆ ಇಡೀ ರಾತ್ರಿ ನಿಧಾನವಾಗಿಯೇ ಇರುವುದಿಲ್ಲ ಎಂಬುದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಹೊತ್ತೇರಿದಂತೆ ತಬಲಾದವನ ಕೈ ಓಡುತ್ತದೆ, ತಾಳ ಬಿರುಸಾಗುತ್ತದೆ, ಹಿಮ್ಮೇಳದವರು ಕೂತಲ್ಲೇ ತೂಗಾಡುತ್ತಾರೆ. ಆಗ ಹೃದಯವೂ ಉಸಿರೂ ಓಡುತ್ತವೆ. ಬರ್ನಾರ್ಡಿಯ ತಂಡವೇ 2006ರಲ್ಲಿ ಇದನ್ನೂ ಪರೀಕ್ಷಿಸಿತು. ಪಾಶ್ಚಾತ್ಯ ಶಾಸ್ತ್ರೀಯದಿಂದ ಹಿಡಿದು ಟೆಕ್ನೊವರೆಗೆ, ನಡುವೆ ನಮ್ಮದೊಂದು ರಾಗವನ್ನೂ ಸೇರಿಸಿ, ಆರು ಬಗೆಯ ಸಂಗೀತ ಕೇಳಿಸಿದರು. ಉಸಿರಿನ ವೇಗವನ್ನು ತೀರ್ಮಾನಿಸಿದ್ದು ಮುಖ್ಯವಾಗಿ ಲಯದ ವೇಗ. ಯಾವ ಜಾತಿಯ ಸಂಗೀತ ಎಂಬುದು ಅಷ್ಟಾಗಿ ಲೆಕ್ಕಕ್ಕೆ ಬರಲಿಲ್ಲ. ಇನ್ನೊಂದು ಫಲಿತಾಂಶ ನನಗೆ ಬಹಳ ಹಿಡಿಸಿತು. ಸಂಗೀತದ ನಡುವೆ ಎರಡು ನಿಮಿಷದ ಮೌನವನ್ನು ಇಟ್ಟಿದ್ದರು. ಆ ಮೌನದಲ್ಲಿ ಹೃದಯದ ಬಡಿತವೂ ರಕ್ತದೊತ್ತಡವೂ ಪ್ರಯೋಗ ಶುರುವಾಗುವ ಮೊದಲಿದ್ದುದಕ್ಕಿಂತ ಕೆಳಗಿಳಿದವು. ಏರಿಸಿ ನಿಲ್ಲಿಸಿದರೆ ಸುಮ್ಮನೆ ಕೂತಿದ್ದಕ್ಕಿಂತ ಹೆಚ್ಚು ನೆಮ್ಮದಿ. ಬಿರುಸಿನ ಪದ ಮುಗಿದು, ಜೈಕಾರ ಹಾಕಿ, ಮುಂದಿನ ಪದ ಯಾವುದೆಂದು ಪೇಟಿಯವನು ಯೋಚಿಸುವ ಆ ಬಿಡುವೂ ಭಜನೆಯ ಭಾಗವೇ ಎಂದಾಯಿತು. ಒಂದು ಹಾಡು ಮುಗಿಯುವ ಮೊದಲೇ ಇನ್ನೊಂದನ್ನು ತಳ್ಳುವ ಮೊಬೈಲ್ ಆ್ಯಪ್‌ಗಳಿಗೆ ಇದು ತಿಳಿದಂತಿಲ್ಲ.

ಇಷ್ಟೆಲ್ಲ ಒಬ್ಬನೇ ಹಾಡಿದರೂ ಆಗುತ್ತದೆ. ಹಾಗಾದರೆ ಹತ್ತು ಜನ ಯಾಕೆ ಬೇಕು?

ಆಕ್ಸ್‌ಫರ್ಡಿನ ಐಲುನೆಡ್ ಪಿಯರ್ಸ್, ಜಾಕ್ ಲಾನೆ, ರಾಬಿನ್ ಡನ್ಬಾರ್ 2015ರಲ್ಲಿ ಇದಕ್ಕೊಂದು ಉತ್ತರ ಹುಡುಕಿದರು. ಇಂಗ್ಲೆಂಡಿನಲ್ಲಿ ವಯಸ್ಕರಿಗಾಗಿ ಹೊಸದಾಗಿ ಶುರುವಾದ ತರಗತಿಗಳನ್ನು ಏಳು ತಿಂಗಳು ಗಮನಿಸಿದರು. ಕೆಲವು ಹಾಡಿನ ತರಗತಿ, ಕೆಲವು ಕರಕುಶಲ, ಕೆಲವು ಬರವಣಿಗೆ. ಎಲ್ಲ ಕಡೆ ಅಪರಿಚಿತರೇ ಸೇರಿದ್ದರು. ಏಳು ತಿಂಗಳ ಕೊನೆಗೆ ಎಲ್ಲ ತರಗತಿಗಳಲ್ಲೂ ಬಳಕೆ ಬೆಳೆದಿತ್ತು, ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ. ಆದರೆ ಹಾಡುವವರು ಮೊದಲ ತಿಂಗಳಲ್ಲೇ ಹತ್ತಿರವಾಗಿಬಿಟ್ಟಿದ್ದರು. ಹೊಲಿಯುವವರೂ ಬರೆಯುವವರೂ ಪಕ್ಕದವರ ಜೊತೆ ಮಾತಾಡಿ, ಮಾತಾಡಿ, ನಿಧಾನವಾಗಿ ಅಲ್ಲಿಗೆ ಮುಟ್ಟಿದರು. ಹಾಡಿಗೆ ಆ ಮಾತಿನ ಅಗತ್ಯವಿರಲಿಲ್ಲ. ಕೂಡಿ ಕೈಕಾಲು ಆಡಿಸಿದಾಗ, ಕೂಡಿ ಹಾಡಿದಾಗ ಶರೀರ ತನ್ನದೇ ನೋವುನಿವಾರಕಗಳಾದ ಎಂಡಾರ್ಫಿನ್‌ಗಳನ್ನು ಬಿಡುತ್ತದೆ ಎಂಬುದು ಡನ್ಬಾರ್ ಅವರ ವಾದ. ಎಂಡಾರ್ಫಿನ್ ನೇರವಾಗಿ ಅಳೆಯುವುದು ಕಷ್ಟ. ಹಾಗಾಗಿ ನೋವು ತಾಳುವ ಶಕ್ತಿಯನ್ನು ಅಳೆಯುತ್ತಾರೆ. ದೋಣಿ ಹುಟ್ಟುಹಾಕುವ ಆಟಗಾರರು ಒಬ್ಬೊಬ್ಬರೇ ಕಸರತ್ತು ಮಾಡಿದ್ದಕ್ಕಿಂತ ಒಂದೇ ಲಯದಲ್ಲಿ ಕೂಡಿ ಮಾಡಿದಾಗ, ಶ್ರಮ ಅಷ್ಟೇ ಇದ್ದರೂ, ಹೆಚ್ಚು ನೋವು ತಾಳಿದ್ದನ್ನು ಆಕ್ಸ್‌ಫರ್ಡಿನಲ್ಲೇ 2010ರಲ್ಲಿ ತೋರಿಸಿದ್ದರು.

ಈ ಮಾತನ್ನು ಓದುವಾಗ ನನಗೆ ನೆನಪಾಗುವುದು ಹಂತಿಯ ಪದ. ಸುಗ್ಗಿಯ ಕಾಲದಲ್ಲಿ ಕಣದ ಮೇಲೆ ಜೋಳದ ತೆನೆ ಹರಡಿ, ಎತ್ತು ಕಟ್ಟಿ, ರಾತ್ರಿಯೆಲ್ಲ ಮೇಟಿಯ ಸುತ್ತ ಹೊಡೆಯುತ್ತ ಹಾಡುವ ಪದಗಳು. ಹಾಡಿದ್ದು ನಿದ್ದೆ ಓಡಿಸಲು, ದಣಿವು ಮರೆಯಲು. ಬೀಸುವ ಕಲ್ಲಿನ ಮುಂದೆ ಎದುರುಬದುರು ಕೂತ ಇಬ್ಬರು ಹೆಂಗಸರು ಹಾಡಿದ್ದೂ ಅದಕ್ಕೇ. ಈಗ ರಾಶಿ ಯಂತ್ರ ಬಂದಿದೆ, ಹಿಟ್ಟಿನ ಗಿರಣಿ ಬಂದಿದೆ. ಬೆನ್ನು ಮುರಿಯುವ ದುಡಿಮೆ ಹೋಯಿತೆಂದು ಯಾರೂ ಅಳಬೇಕಾಗಿಲ್ಲ. ಆದರೆ ದುಡಿಮೆಯ ಬೆನ್ನಿಗೆ ಹಾಡೂ ಹೊರಟುಹೋದದ್ದರಿಂದ, ಮೊದಲು ಪುಕ್ಕಟೆ ಸಿಗುತ್ತಿದ್ದದ್ದಕ್ಕೆ ಈಗ ಬೇರೆ ಹೊತ್ತು ಎತ್ತಿಡಬೇಕಾಗಿದೆ.

ಗದಗಿನಲ್ಲಿ ಸಂಗೀತದ ಮಾತು ವೀರೇಶ್ವರ ಪುಣ್ಯಾಶ್ರಮಕ್ಕೆ ಬರದೆ ಮುಂದೆ ಹೋಗುವುದಿಲ್ಲ. 1892ರಲ್ಲಿ ಹುಟ್ಟಿದ ಪಂಚಾಕ್ಷರಿ ಗವಾಯಿಗಳಿಗೆ ಕಣ್ಣಿರಲಿಲ್ಲ. ಹಾನಗಲ್ಲ ಕುಮಾರಸ್ವಾಮಿಗಳ ಆಸರೆಯಲ್ಲಿ ಕರ್ನಾಟಕಿ, ಹಿಂದೂಸ್ತಾನಿ ಎರಡನ್ನೂ ಕಲಿತರು. ಆಮೇಲೆ ಅಂಧ ಮಕ್ಕಳನ್ನೂ ಅನಾಥರನ್ನೂ ಬಡವರನ್ನೂ ಕೂಡಿಸಿಕೊಂಡು ಊರೂರು ಸುತ್ತಿ ಕಲಿಸಿ, ಕೊನೆಗೆ ಗದಗಿನಲ್ಲಿ ನೆಲೆ ನಿಂತರು. 1944ರಲ್ಲಿ ಅವರು ತೀರಿಕೊಂಡ ಮೇಲೆ ಆಶ್ರಮ ನಡೆಸಿದ ಪುಟ್ಟರಾಜ ಗವಾಯಿಗಳಿಗೂ ಕೂಸಾಗಿದ್ದಾಗಲೇ ಕಣ್ಣು ಹೋಗಿತ್ತು. ಮಕ್ಕಳ ಹೊಟ್ಟೆಗೆಂದು ನಾಟಕ ಕಂಪನಿ ನಡೆಸಿದರು, ನಾಟಕ ತಾವೇ ಬರೆದರು, ಹತ್ತಾರು ವಾದ್ಯ ನುಡಿಸಿದರು. 2010ರಲ್ಲಿ ಪದ್ಮಭೂಷಣ ಬಂತು. ಅದೇ ವರ್ಷ ಸೆಪ್ಟೆಂಬರ್ 17ರಂದು ತೀರಿಕೊಂಡರು. ಬಸವರಾಜ ರಾಜಗುರು ಹಿರಿಯ ಗವಾಯಿಗಳ ಶಿಷ್ಯರು, ಎಂ. ವೆಂಕಟೇಶಕುಮಾರ್ ಪುಟ್ಟರಾಜರ ಕೈಯಲ್ಲಿ ಬೆಳೆದವರು.

ಇದನ್ನು ‘ಸಂಗೀತ ಚಿಕಿತ್ಸೆ’ ಎಂದು ಕರೆದರೆ ಆಶ್ರಮಕ್ಕೆ ಅವಮಾನ ಮಾಡಿದಂತೆ. ಅಲ್ಲಿ ಯಾರೂ ರೋಗಿಗಳಾಗಿರಲಿಲ್ಲ. ಬೆಳಗಿನ ರಿಯಾಜು, ಗುರುವಿನ ಬೈಗುಳ, ಕೂಡಿ ಉಂಡ ಪ್ರಸಾದ, ಕೊನೆಗೊಂದು ಕಸುಬು. ಕಣ್ಣಿಲ್ಲದ ಹುಡುಗ ‘ಪಾಪ’ ಎನಿಸಿಕೊಂಡು ಮನೆ ಮೂಲೆಯಲ್ಲಿ ಕೂರುವ ಬದಲು ‘ಗವಾಯಿಗಳು’ ಎನಿಸಿಕೊಂಡು ಸಭೆಯಲ್ಲಿ ಕೂತ. ಮನಸ್ಸಿನ ನೆಮ್ಮದಿಯ ಬಗ್ಗೆ ಇಂದಿನ ಮನೋವಿಜ್ಞಾನ ಮತ್ತೆ ಮತ್ತೆ ಎತ್ತುವ ಮೂರು ಸಂಗತಿಗಳು, ಅಂದರೆ ಕೈಗೆ ಹತ್ತಿದ ವಿದ್ಯೆ, ತನ್ನವರೆನ್ನುವ ಜನ, ತನ್ನಿಂದ ಇನ್ನೊಬ್ಬರಿಗೆ ಉಪಯೋಗ, ಅಲ್ಲಿ ಒಂದೇ ಸೂರಿನ ಕೆಳಗಿದ್ದವು.

ಹಾಡದೆ ಬರೀ ಕೇಳುವವರ ಕಥೆ ಏನು? ಅದಕ್ಕೂ ಉದಾಹರಣೆ ಈ ಊರಿನಲ್ಲೇ ಇದೆ. 1922ರಲ್ಲಿ ರೋಣದಲ್ಲಿ ಹುಟ್ಟಿ ಗದಗಿನಲ್ಲಿ ಬೆಳೆದ ಭೀಮಸೇನ ಜೋಶಿ, ಹುಡುಗನಾಗಿದ್ದಾಗ ಅಂಗಡಿಯೊಂದರಲ್ಲಿ ಹಚ್ಚಿದ್ದ ಅಬ್ದುಲ್ ಕರೀಂ ಖಾನರ ಝಿಂಜೋಟಿ ಠುಮರಿಯ ತಟ್ಟೆ ಕೇಳಿದರು. ಹಾಗೆ ಹಾಡಬೇಕೆಂಬ ಹಟ ಹತ್ತಿ 1933ರಲ್ಲಿ, ಹನ್ನೊಂದನೇ ವಯಸ್ಸಿಗೆ, ಮನೆ ಬಿಟ್ಟು ಗುರುವನ್ನು ಹುಡುಕುತ್ತ ಹೋದರು. ಮೂರು ನಿಮಿಷದ ತಟ್ಟೆಗೆ ಇಂಥ ಬಲ ಹೇಗೆ?

ಮಾಂಟ್ರಿಯಲ್‌ನ ರಾಬರ್ಟ್ ಝಟೋರೆ, ವಲೋರಿ ಸಲೀಂಪೂರ್ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹಾಡು ಕೇಳಿ ಮೈ ಝುಂ ಎನ್ನುವವರನ್ನೇ ಆರಿಸಿ, ಅವರಿಗಿಷ್ಟವಾದ ಸಂಗೀತ ಕೇಳಿಸಿ, ಮಿದುಳನ್ನು ಸ್ಕ್ಯಾನ್ ಮಾಡಿದರು. ಮೈ ಝುಂ ಎಂದ ಕ್ಷಣದಲ್ಲಿ ಮಿದುಳಿನಾಳದ ಅಕ್ಯುಂಬೆನ್ಸ್ ಎಂಬ ಜಾಗದಲ್ಲಿ ಡೋಪಮೈನ್ ಬಿಡುಗಡೆಯಾಗಿತ್ತು. ಅದಕ್ಕೆ ಕೆಲ ಸೆಕೆಂಡು ಮೊದಲೇ, ‘ಈಗ ಬರುತ್ತದೆ, ಈಗ ಬರುತ್ತದೆ’ ಎಂದು ಕಾಯುವಾಗ, ಪಕ್ಕದ ಇನ್ನೊಂದು ಭಾಗವಾದ ಕಾಡೇಟ್‌ನಲ್ಲಿ ಅದೇ ರಾಸಾಯನಿಕ ಹೊರಬಂದಿತ್ತು. ಸಿಕ್ಕ ಸುಖ ಒಂದು, ಕಾಯುವ ಸುಖ ಇನ್ನೊಂದು. ಹಿಂದೂಸ್ತಾನಿ ಕೇಳಿ ರೂಢಿಯಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತಾನ್ ಸುತ್ತಿ ಸುತ್ತಿ ಬಂದು, ತಿಹಾಯಿ ಮುಗಿದು, ಸಮ್ಮಿಗೆ ಬಂದು ಬಿದ್ದಾಗ ಸಭೆಯೆಲ್ಲ ‘ವ್ಹಾ’ ಎನ್ನುವುದು ಕಾಯ್ದದ್ದು ಬಂತೆಂದೇ. ಎಲ್ಲಿಗೆ ಬರುತ್ತದೆಂದು ಮೊದಲೇ ಗೊತ್ತಿದ್ದವನಿಗೆ ಮಾತ್ರ ಆ ಕಾಯುವಿಕೆ ಸಾಧ್ಯ. ಹಾಗಾಗಿ ಬೇಸರದ ಸಂಜೆಗೆ ಹೊಸ ಹಾಡು ಹುಡುಕುವುದಕ್ಕಿಂತ ಹಳೆಯ, ಬಾಯಿಪಾಠವಾದ ಹಾಡು ಹಚ್ಚುವುದೇ ಹೆಚ್ಚು ಕೆಲಸಕ್ಕೆ ಬರುತ್ತದೆಂಬುದು ನನ್ನ ಅನಿಸಿಕೆ.

ಇಲ್ಲಿ ಒಂದು ಎಚ್ಚರಿಕೆ. ರಕ್ತದೊತ್ತಡಕ್ಕೆ ಈ ರಾಗ, ಮಧುಮೇಹಕ್ಕೆ ಆ ರಾಗ ಎಂಬ ಪಟ್ಟಿಗಳು ವಾಟ್ಸ್‌ಆ್ಯಪ್ಪಿನಲ್ಲಿ ಓಡಾಡುತ್ತಿರುತ್ತವೆ. ಆ ಪಟ್ಟಿಗಳಿಗೆ ಗಟ್ಟಿ ಆಧಾರವಿಲ್ಲ. ಪಶ್ಚಿಮದಲ್ಲೂ ಇಂಥದ್ದೊಂದು ನಡೆದಿತ್ತು. 1993ರಲ್ಲಿ 36 ಕಾಲೇಜು ವಿದ್ಯಾರ್ಥಿಗಳಿಗೆ ಹತ್ತು ನಿಮಿಷ ಮೊಜಾರ್ಟ್ ಕೇಳಿಸಿದಾಗ ಒಂದು ಬಗೆಯ ಒಗಟು ಬಿಡಿಸುವುದರಲ್ಲಿ ಕಾಲು ಗಂಟೆಯ ಮಟ್ಟಿಗೆ ಚುರುಕಾದರು ಎಂದು ‘ನೇಚರ್’ ಪತ್ರಿಕೆಯಲ್ಲಿ ಬಂತು. ಐದು ವರ್ಷ ಕಳೆಯುವುದರೊಳಗೆ ಅಮೆರಿಕದ ಜಾರ್ಜಿಯಾ ರಾಜ್ಯದ ಗವರ್ನರ್ ಹುಟ್ಟಿದ ಪ್ರತಿ ಕೂಸಿಗೂ ಶಾಸ್ತ್ರೀಯ ಸಂಗೀತ ಹಂಚಲು ಬಜೆಟ್ಟಿನಲ್ಲಿ ಹಣ ಕೇಳಿದರು. ಆಮೇಲೆ ಟೊರಾಂಟೊದಲ್ಲಿ ನಡೆದ ಪ್ರಯೋಗಗಳಲ್ಲಿ ಗುಟ್ಟು ಬಯಲಾಯಿತು. ಉಲ್ಲಾಸದ ಸಂಗೀತ ಮನಸ್ಸನ್ನು ಎಬ್ಬಿಸುತ್ತದೆ, ಎದ್ದ ಮನಸ್ಸು ಕೊಂಚ ಹೊತ್ತು ಚೆನ್ನಾಗಿ ಕೆಲಸ ಮಾಡುತ್ತದೆ. ಮೊಜಾರ್ಟನೇ ಆಗಬೇಕಿಲ್ಲ.

ರಾಗಕ್ಕೂ ಭಾವಕ್ಕೂ ಸಂಬಂಧವೇ ಇಲ್ಲ ಎಂದಲ್ಲ. ಮಾನೇಸರದ ರಾಷ್ಟ್ರೀಯ ಮಿದುಳು ಸಂಶೋಧನ ಕೇಂದ್ರದ ನಂದಿನಿ ಚಟರ್ಜಿ ಸಿಂಗ್ ಅವರ ತಂಡ 2015ರಲ್ಲಿ ತೋರಿಸಿದಂತೆ, ಅದೇ ರಾಗ ತಾಳವಿಲ್ಲದ ಆಲಾಪದಲ್ಲಿ ಒಂದು ಭಾವ ಕೊಟ್ಟರೆ, ತಾಳ ಕೂಡಿದ ಗತ್ತಿನಲ್ಲಿ ಹೆಚ್ಚು ಉತ್ತೇಜನ ಕೊಡುತ್ತದೆ. ಕೋಮಲ ರಿಷಭ ಹೆಚ್ಚಾಗಿ ಬರುವಲ್ಲಿ ಕೇಳುಗರಿಗೆ ಒಂದು ಬಿಗುವು ಕಾಣುತ್ತದೆ. ಅದಕ್ಕೂ ಮೊದಲು, 1999ರಲ್ಲಿ, ಕೆನಡಾದ ಸಂಶೋಧಕರು ನಮ್ಮ ಸಂಗೀತದ ಪರಿಚಯವಿಲ್ಲದ 30 ಜನರಿಗೆ ಹಿಂದೂಸ್ತಾನಿ ರಾಗ ಕೇಳಿಸಿ ಭಾವ ಗುರುತಿಸಲು ಹೇಳಿದ್ದರು. ಸಂತೋಷ, ದುಃಖ, ಸಿಟ್ಟು ಅವರಿಗೆ ಸಿಕ್ಕವು. ಸಿಗದೆ ಹೋದದ್ದು ಶಾಂತಿ. ಲಯ, ಸ್ವರಗಳ ಸಿಕ್ಕು ಇವೆಲ್ಲ ಯಾರಿಗಾದರೂ ತಿಳಿಯುತ್ತವೆ. ಶಾಂತಿಯನ್ನು ಗುರುತಿಸಲು ಆ ಸಂಗೀತದ ಜೊತೆ ಬೆಳೆದಿರಬೇಕೇನೋ. ನಿಮ್ಮನ್ನು ಸಮಾಧಾನಪಡಿಸುವ ಹಾಡು ಯಾವುದೆಂದು ಬೇರೆಯವರು ಮಾಡಿದ ಪಟ್ಟಿ ಹೇಳಲಾರದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪುರಾವೆ ನನಗೆ ಸಿಕ್ಕಿಲ್ಲ.

ಕಿವಿಯ ಮಾತಾಯಿತು, ಇನ್ನು ಕೈಯದು. ಫಿಲಡೆಲ್ಫಿಯಾದ ಡ್ರೆಕ್ಸೆಲ್ ವಿಶ್ವವಿದ್ಯಾಲಯದಲ್ಲಿ ಗಿರಿಜಾ ಕೈಮಲ್ 2016ರಲ್ಲಿ 39 ವಯಸ್ಕರನ್ನು ಕರೆದು, ಜೇಡಿಮಣ್ಣು, ಬಣ್ಣದ ಪೆನ್ನು, ಅಂಟಿಸುವ ಕಾಗದ ಮುಂದಿಟ್ಟು, 45 ನಿಮಿಷ ಏನಾದರೂ ಮಾಡಿ ಎಂದರು. ಮೊದಲೂ ಆಮೇಲೂ ಜೊಲ್ಲಿನಲ್ಲಿ ಕಾರ್ಟಿಸಾಲ್ ಅಳೆದರು. ಒತ್ತಡದ ಹೊತ್ತಿನಲ್ಲಿ ಏರುವ ಹಾರ್ಮೋನು ಅದು. ನಾಲ್ವರಲ್ಲಿ ಸುಮಾರು ಮೂವರಿಗೆ ಅದು ಇಳಿದಿತ್ತು. ಮೊದಲು ಚಿತ್ರ ಬರೆದು ರೂಢಿಯಿದ್ದವರಿಗೂ ಇಲ್ಲದವರಿಗೂ ವ್ಯತ್ಯಾಸ ಕಾಣಲಿಲ್ಲ. ಹೋಲಿಕೆಗೆ ಇನ್ನೊಂದು ಗುಂಪು ಇರಲಿಲ್ಲವಾದ್ದರಿಂದ, ಬರೀ ಹರಟೆ ಹೊಡೆದು ಕೂತಿದ್ದರೂ ಇಳಿಯುತ್ತಿತ್ತೇ ಎಂಬ ಪ್ರಶ್ನೆ ಉಳಿಯುತ್ತದೆ. ಆದರೂ ‘ನನಗೆ ಚಿತ್ರ ಬರಂಗಿಲ್ಲ’ ಎಂದು ಶಾಲೆಯಲ್ಲೇ ಕೈಬಿಟ್ಟವರಿಗೆ ಇದು ಒಳ್ಳೆಯ ಸುದ್ದಿ.

ಉತ್ತರ ಕರ್ನಾಟಕದಲ್ಲಿ ಮಣ್ಣು ಕೈಗೆ ತೆಗೆದುಕೊಳ್ಳಲು ಪಂಚಾಂಗವೇ ದಿನ ಗೊತ್ತು ಮಾಡಿದೆ. ಮಣ್ಣೆತ್ತಿನ ಅಮಾವಾಸ್ಯೆಗೆ ಎರೆಮಣ್ಣು ತಂದು ಎತ್ತು ಮಾಡುತ್ತಾರೆ, ಅದಕ್ಕೊಂದು ಗ್ವಾದಲಿ ಮಾಡುತ್ತಾರೆ. ಆಷಾಢದ ಮಂಗಳವಾರಗಳಲ್ಲಿ ಹೆಣ್ಣುಮಕ್ಕಳು ಗುಳ್ಳವ್ವನನ್ನು ಮಾಡಿ, ಗುಲಗಂಜಿ, ಕುಸುಬಿ ಚುಚ್ಚಿ ಸಿಂಗರಿಸುತ್ತಾರೆ. ಎತ್ತಿನ ಕೋಡು ಡೊಂಕಾದರೆ ಮಾರ್ಕು ಕಡಿಮೆ ಮಾಡುವವರಿಲ್ಲ, ಹೇಗೂ ಆಮೇಲೆ ಅದನ್ನು ನೀರಿಗೆ ಬಿಡುವುದೇ. ಇನ್ನು ಕೌದಿ. ಹಳೆಯ ಸೀರೆ, ಧೋತರ, ಅಂಗಿಯ ತುಂಡುಗಳನ್ನು ಪದರಾಗಿ ಹಾಸಿ, ಅಂಚಿನಿಂದ ನಡುವಿಗೆ ಸಾಲುಸಾಲು ಹೊಲಿಗೆ. ಕಣ್ಣು, ಕೈ ಎರಡಕ್ಕೂ ಕೆಲಸ, ತಲೆಗೆ ಅರ್ಧ ಬಿಡುವು. ಚಿಂತೆ ಎಂಬುದು ಒಂದೇ ವಿಚಾರವನ್ನು ಮತ್ತೆ ಮತ್ತೆ ತಿರುವಿಹಾಕುವ ರೂಢಿ. ಅದಕ್ಕೆ ಬೇಕಾದ ಗಮನವನ್ನು ಸೂಜಿ ಕಿತ್ತುಕೊಳ್ಳುತ್ತದೆ. ತೀರಿಹೋದ ಅವ್ವನ ಸೀರೆಯ ತುಂಡೊಂದು ಆ ಕೌದಿಯೊಳಗೆ ಸೇರಿದ್ದರೆ, ಅದು ಮಾಡುವ ಕೆಲಸವನ್ನು ಕಾರ್ಟಿಸಾಲಿನಲ್ಲಿ ಅಳೆಯಲಾಗದು.

ಗದಗಿನಿಂದ ಮುಳಗುಂದದ ರಸ್ತೆಯಲ್ಲಿ ಹೊರಟರೆ ಮಲ್ಲಸಮುದ್ರ. ಗದಗ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಎಂಬ ಹೆಸರಿನಲ್ಲಿ ಶುರುವಾದ ಜಿಲ್ಲೆಯ ಸರಕಾರಿ ವೈದ್ಯಕೀಯ ಕಾಲೇಜು ಇಲ್ಲೇ ಇದೆ. ‘ಜಿಮ್ಸ್’ ಎಂದರೆ ಆಟೋದವರೆಲ್ಲರಿಗೂ ಗೊತ್ತು. ಶಿರಹಟ್ಟಿ, ಮುಂಡರಗಿ, ಲಕ್ಷ್ಮೇಶ್ವರದ ಕಡೆಯಿಂದ ರೋಗಿಗಳು ಬರುವ ಇಂಥ ದವಾಖಾನೆಯ ಮುಂದೆ ನಿಂತು ಸಂಗೀತದ ಮಿತಿಯನ್ನು ಹೇಳುವುದು ಸರಿ. ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ವಿಭಾಗ 2019ರಲ್ಲಿ ಕಲೆ ಮತ್ತು ಆರೋಗ್ಯದ ಬಗೆಗಿನ 3,000ಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟುಮಾಡಿ ವರದಿ ಕೊಟ್ಟಿತು. ಅದರಲ್ಲಿ ಗಟ್ಟಿಯಾದವೂ ಇವೆ, ತೆಳುವಾದವೂ ಇವೆ. ಅದೇ ವರ್ಷ ಇಂಗ್ಲೆಂಡಿನ 6,710 ಹಿರಿಯರನ್ನು 14 ವರ್ಷ ಹಿಂಬಾಲಿಸಿದ ಅಧ್ಯಯನದಲ್ಲಿ, ಕೆಲ ತಿಂಗಳಿಗೊಮ್ಮೆಯಾದರೂ ನಾಟಕ, ಕಛೇರಿ, ಸಂಗ್ರಹಾಲಯಗಳಿಗೆ ಹೋಗುವವರಲ್ಲಿ ಸಾವಿನ ಅಪಾಯ ಶೇ. 31ರಷ್ಟು ಕಡಿಮೆ ಕಂಡಿತು. ಆದರೆ ಕಾಲು ಗಟ್ಟಿ ಇದ್ದವರೇ, ಕೈಯಲ್ಲಿ ಕಾಸಿದ್ದವರೇ ನಾಟಕಕ್ಕೆ ಹೋಗುವುದು ತಾನೆ? ಆ ಅಂಶಗಳನ್ನು ಲೆಕ್ಕದಲ್ಲಿ ಕಳೆದಿದ್ದರೂ ಸಂಶಯ ಪೂರ್ತಿ ಹೋಗುವುದಿಲ್ಲ.

ಖಿನ್ನತೆ ಬೇರೆ, ಬೇಸರ ಬೇರೆ. ಎರಡು ವಾರ ಕಳೆದರೂ ನಿದ್ದೆ, ಊಟ, ಕೆಲಸ ಯಾವುದೂ ನೆಟ್ಟಗಾಗದಿದ್ದರೆ, ಬದುಕು ಸಾಕೆನಿಸಿದರೆ, ಭಜನೆ ಸಾಲದು. ಮನೋವೈದ್ಯರ ಹತ್ತಿರ ಹೋಗಬೇಕು. ಹೋಗಲು ಹಿಂಜರಿಯುವವರಿಗೆ 2022ರಿಂದ ಟೆಲಿ ಮಾನಸ್ ಇದೆ, 14416ಕ್ಕೆ ಫೋನು ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ. ಸಂಗೀತ ಚಿಕಿತ್ಸೆಯೂ ಖಿನ್ನತೆಗೆ ಸಹಾಯಕ ಎಂದು ಪರೀಕ್ಷೆಗಳು ಹೇಳುತ್ತವೆ, ಆದರೆ ಮಾಮೂಲಿ ಚಿಕಿತ್ಸೆಯ ಜೊತೆಗೆ ಕೊಟ್ಟಾಗ. ದುಃಖದ ಹಾಡುಗಳ ಬಗ್ಗೆಯೂ ಒಂದು ಮಾತು. ಬಹಳ ಜನರಿಗೆ ಅವು ಹಿತ ಕೊಡುತ್ತವೆ, ಹಳೆಯದನ್ನು ನೆನಪಿಸಿ ಕಣ್ಣು ಒದ್ದೆ ಮಾಡಿ ಮನಸ್ಸು ತಿಳಿಯಾಗಿಸುತ್ತವೆ. ಆದರೆ ಚಿಂತೆಯನ್ನೇ ತಿರುವಿಹಾಕುವ ಸ್ವಭಾವದವರಿಗೆ ಅದೇ ಹಾಡು ಗಾಯ ಕೆರೆದಂತೆ. ಹಾಡು ಮುಗಿದ ಮೇಲೆ ಮನಸ್ಸು ಎಲ್ಲಿದೆ ಎಂದು ನೋಡಿಕೊಂಡರೆ ನೀವು ಯಾವ ಕಡೆಯವರೆಂದು ಗೊತ್ತಾಗುತ್ತದೆ.

ಸದ್ದಿನ ವಿಷಯದಲ್ಲಿ ನಾನು ಸ್ವಲ್ಪ ಸಿಟ್ಟಿನ ಮನುಷ್ಯ. 80 ಡೆಸಿಬಲ್ ಸದ್ದನ್ನು ವಾರಕ್ಕೆ 40 ಗಂಟೆ ಮೀರಿ ಕೇಳಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ವಸತಿ ಪ್ರದೇಶದಲ್ಲಿ ರಾತ್ರಿ 45 ಡೆಸಿಬಲ್ ಮೀರಬಾರದೆಂದು 2000ದ ಶಬ್ದಮಾಲಿನ್ಯ ನಿಯಮ ಹೇಳುತ್ತದೆ. ಹತ್ತು ಜನ ಬರಿಗಂಟಲಲ್ಲಿ ಹಾಡಿದರೆ ಹಾಡಿದವರ ಎದೆ ತಣಿಯುತ್ತದೆ. ಅದನ್ನೇ ಕಂಬಕ್ಕೆ ಕಟ್ಟಿದ ಹಾರ್ನಿನಲ್ಲಿ ಬಿಟ್ಟರೆ ಪಕ್ಕದ ಮನೆಯ ಹಸುಗೂಸು, ಪರೀಕ್ಷೆಗೆ ಓದುವ ಹುಡುಗಿ, ರಕ್ತದೊತ್ತಡದ ಮುದುಕ ಮೂವರಿಗೂ ಕಾರ್ಟಿಸಾಲ್ ಏರುತ್ತದೆ.

ದವಾಖಾನೆಯ ಹಾಸಿಗೆಯ ಪಕ್ಕ ಕೂತವರಿಗೆ ಉಪಯೋಗವಾಗುವ ಅಧ್ಯಯನವೊಂದು ಫಿನ್ಲೆಂಡಿನಿಂದ ಬಂದಿದೆ. ಹೆಲ್ಸಿಂಕಿಯಲ್ಲಿ ತೆಪ್ಪೊ ಸಾರ್ಕಮೊ 2008ರಲ್ಲಿ, ಆಗಷ್ಟೇ ಪಾರ್ಶ್ವವಾಯು ಬಡಿದ 60 ಜನರನ್ನು ಮೂರು ಗುಂಪು ಮಾಡಿದರು. ಮಾಮೂಲಿ ಚಿಕಿತ್ಸೆ ಎಲ್ಲರಿಗೂ ನಡೆಯಿತು. ಅದರ ಜೊತೆಗೆ ಒಂದು ಗುಂಪು ಎರಡು ತಿಂಗಳು ದಿನಕ್ಕೆ ಒಂದು ಗಂಟೆಯಾದರೂ ಸಂಗೀತ ಕೇಳಿತು, ಇನ್ನೊಂದು ಗುಂಪು ಓದಿದ ಪುಸ್ತಕ ಕೇಳಿತು, ಮೂರನೆಯದು ಏನನ್ನೂ ಕೇಳಲಿಲ್ಲ. ಮೂರು ತಿಂಗಳಿಗೆ ಮಾತಿನ ನೆನಪು ಸಂಗೀತದವರಲ್ಲಿ ಶೇ. 60ರಷ್ಟು ಸುಧಾರಿಸಿತ್ತು. ಪುಸ್ತಕದವರಲ್ಲಿ 18, ಏನನ್ನೂ ಕೇಳದವರಲ್ಲಿ 29. ಮನಸ್ಸು ಕುಗ್ಗಿದ್ದೂ ಸಂಗೀತದವರಲ್ಲಿ ಕಡಿಮೆ. ಯಾವ ಹಾಡು ಎಂಬುದನ್ನು ಅಲ್ಲಿ ವೈದ್ಯರು ಬರೆದುಕೊಟ್ಟಿರಲಿಲ್ಲ, ರೋಗಿಗಳೇ ಆರಿಸಿಕೊಂಡಿದ್ದರು. ನಮ್ಮಲ್ಲಾದರೆ ಒಬ್ಬರಿಗೆ ವೆಂಕಟೇಶಕುಮಾರರ ವಚನ, ಇನ್ನೊಬ್ಬರಿಗೆ ರಾಜ್‌ಕುಮಾರ್ ಚಿತ್ರಗೀತೆ, ಮತ್ತೊಬ್ಬರಿಗೆ ಕಂಪನಿ ನಾಟಕದ ಪದ ಬೇಕಾಗಬಹುದು. ತಂದೆಯ ತಲೆದಿಂಬಿನ ಪಕ್ಕ ಸಣ್ಣ ದನಿಯಲ್ಲಿ ಮೊಬೈಲು ಇಡುವ ಮಗ ತನಗೆ ಭಕ್ತಿ ಉಕ್ಕುವ ಹಾಡನ್ನು ಹಚ್ಚುವ ಮೊದಲು ‘ಅಪ್ಪಾ, ಯಾವ ಪದ ಹಚ್ಚಲಿ?’ ಎಂದು ಕೇಳಬೇಕು. ಮಾತು ಹೊರಡದಿದ್ದರೆ ಎರಡು-ಮೂರು ಹಾಡು ಹಚ್ಚಿ ಬೆರಳು ಯಾವುದಕ್ಕೆ ತಾಳ ಹಾಕುತ್ತದೆ ನೋಡಬೇಕು.